ಆ ಅಂಗಡಿ ಮೆಟ್ಟಿಲು ಹತ್ತಲ್ಲ

ಮೈಸೂರಿನ ಒಂದು ಸೀರೆ ಅಂಗಡಿಯ ಹೆಸರು ಎತ್ತಿದರೆ ನಮ್ಮಮ್ಮನ ಹುಬ್ಬು ಇವತ್ತಿಗೂ ಗಂಟಾಗುತ್ತದೆ. ಎಂಟು ವರ್ಷವಾಯಿತು, ಅವರು ಆ ಮೆಟ್ಟಿಲು ಹತ್ತಿಲ್ಲ. ಅಂಗಡಿ ಯಾವುದು ಅಂತ ನಾನು ಹೇಳಲ್ಲ. ಅವತ್ತು ನಡೆದದ್ದನ್ನು ಮಾತ್ರ ಹೇಳುತ್ತೇನೆ.

ಆಷಾಢದ ರಿಯಾಯಿತಿ ನಡೆಯುತ್ತಿತ್ತು. ಚಾಮುಂಡಿ ಬೆಟ್ಟಕ್ಕೆ ಹೋಗಿ ಬಂದವರೆಲ್ಲ ಪೇಟೆಗೆ ಇಳಿದಿದ್ದರು, ಕಾಲಿಡಲು ಜಾಗವಿರಲಿಲ್ಲ. ಶ್ರಾವಣದಲ್ಲಿ ಚಿಕ್ಕಮ್ಮನ ಮಗಳ ಮದುವೆ. ಅಮ್ಮ ಗಾದಿಯ ಮೇಲೆ ಕೂತು ಮೂವತ್ತು ಸೀರೆಯಾದರೂ ಬಿಚ್ಚಿಸಿರಬೇಕು. ತೋರಿಸುತ್ತಿದ್ದ ಹುಡುಗಿಗೆ ಇನ್ನೂ ಇಪ್ಪತ್ತು ದಾಟಿರಲಿಲ್ಲ. ಬೆಳಗ್ಗೆ ಹತ್ತಕ್ಕೆ ನಿಂತವಳು, ಆಗ ಸಂಜೆ ಆರು. ಸೀರೆ ಮಡಿಸುತ್ತಾ ಮಡಿಸುತ್ತಾ ಹಿಂದಿದ್ದ ಬಟ್ಟೆ ಗಂಟಿನ ಮೇಲೆ ಅರ್ಧ ನಿಮಿಷ ಕೂತಳು. ಬಲಗಾಲಿನ ಹಿಮ್ಮಡಿಯನ್ನು ಹೆಬ್ಬೆರಳಲ್ಲಿ ಒತ್ತಿಕೊಂಡಳು. ಗಲ್ಲಾದಿಂದ ಕೂಗು ಬಂತು: ‘ಏಯ್, ಕೂತ್ಕೊಳ್ಳೋಕೆ ಬಂದಿದ್ದೀಯಾ ಇಲ್ಲಿಗೆ?’

ಹುಡುಗಿ ದಡಕ್ಕನೆ ಎದ್ದಳು. ಅಮ್ಮನ ತೊಡೆಯ ಮೇಲೆ ಒಂದು ಹಸಿರು ಸೀರೆ ಇತ್ತು, ಅವರಿಗೆ ಒಪ್ಪಿಗೆಯಾಗಿತ್ತು ಅಂತ ನನಗೆ ಗೊತ್ತು. ಹುಡುಗಿಯ ಮುಖ ನೋಡಿದರು. ಗಲ್ಲಾದ ಕಡೆ ನೋಡಿದರು. ಸೀರೆ ಕೆಳಗಿಟ್ಟು, ‘ಬೇಡಮ್ಮ, ಇನ್ನೊಂದ್ಸಲ ಬರ್ತೀವಿ’ ಅಂದು ಎದ್ದರು. ಆ ಇನ್ನೊಂದು ಸಲ ಇನ್ನೂ ಬಂದಿಲ್ಲ.

ಇದನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲಿ ತಿರುವಿ ಹಾಕಿದ್ದೇನೆ. ಅಂಗಡಿ ಯಜಮಾನರಿಗೆ ಏನು ಗೊತ್ತಾಯಿತು? ಗಿರಾಕಿಗೆ ಸೀರೆ ಹಿಡಿಸಲಿಲ್ಲ ಅಂತ ಅಷ್ಟೇ. ಹುಡುಗಿಗೆ ಏನಾಯಿತು? ಮೂವತ್ತು ಸೀರೆ ಬಿಚ್ಚಿ ಒಂದನ್ನೂ ಮಾರಲಿಲ್ಲ ಅಂತ ಇನ್ನೂ ಎರಡು ಮಾತು ಬಿದ್ದಿರಬಹುದು. ಅಮ್ಮನ ಪ್ರತಿಭಟನೆಯ ವಿಷಯ ಇಡೀ ಊರಲ್ಲಿ ಇಬ್ಬರಿಗೆ ಗೊತ್ತು, ಅಮ್ಮನಿಗೆ ಮತ್ತು ನನಗೆ.

ನಮ್ಮ ಕಡೆ ಪ್ರತಿ ಮನೆಯಲ್ಲೂ ಇಂಥದ್ದೊಂದು ಪಟ್ಟಿ ಇರುತ್ತದೆ. ಬರೆದಿಟ್ಟಿರಲ್ಲ, ಬಾಯಲ್ಲೇ ಓಡಾಡುತ್ತದೆ. ಆ ಬೇಕರಿ ಬೇಡ, ಹಳಸಿದ ಪಫ್ ಕೊಟ್ಟು ಜಗಳಕ್ಕೆ ಬಂದ. ಆ ಮೆಡಿಕಲ್ ಸ್ಟೋರ್ ಬೇಡ, ಎರಡು ಮಾತ್ರೆ ಕೇಳಿದರೆ ಪೂರ್ತಿ ಸ್ಟ್ರಿಪ್ ತಗೊಳ್ಳಿ ಅಂತಾನೆ. ಆ ಸೂಪರ್ ಮಾರ್ಕೆಟ್ ಬೇಡ, ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೂ ಫೋನ್ ನಂಬರ್ ಕೇಳ್ತಾರೆ. ಅಂಗಡಿಯವನು ಕನ್ನಡದಲ್ಲಿ ಮಾತಾಡಲ್ಲ ಅನ್ನೋದು ಈಚೆಗೆ ಸೇರಿದ ಕಾರಣ. ನಮ್ಮ ಭಾವ ಒಬ್ಬರಿದ್ದಾರೆ, ಬೈಟು ಕಾಫಿ ಕೊಡಲ್ಲ ಅಂದ ಹೋಟೆಲ್ಲಿಗೆ ಹೋಗೋದು ಬಿಟ್ಟು ಹನ್ನೆರಡು ವರ್ಷವಾಯಿತು. ಆ ಹೋಟೆಲ್ ಈ ನಡುವೆ ಎರಡು ಸಲ ಮಾಲೀಕರನ್ನು ಬದಲಾಯಿಸಿದೆ. ಭಾವ ಮಾತ್ರ ಬದಲಾಗಿಲ್ಲ.

ಈ ಪಟ್ಟಿಗಳನ್ನು ಗಮನವಿಟ್ಟು ಕೇಳಿದರೆ ಒಂದು ವಿಚಿತ್ರ ಕಾಣುತ್ತದೆ. ದುಡ್ಡಿನ ಮೋಸ ಅದರಲ್ಲಿ ಕಡಿಮೆ. ತೂಕದಲ್ಲಿ ಐವತ್ತು ಗ್ರಾಂ ಹೊಡೆದವನಿಗೆ ಬೈದುಕೊಂಡೇ ಮತ್ತೆ ಅವನ ಹತ್ತಿರ ಹೋಗುತ್ತೇವೆ. ಒಂದು ಮಾತು ಹೆಚ್ಚು ಆಡಿದವನ ಹತ್ತಿರ ಮಾತ್ರ ಜನ್ಮದಲ್ಲಿ ಹೋಗುವುದಿಲ್ಲ. ಅಂದರೆ ನಾವು ಅಂಗಡಿ ಬಿಡುವುದು ಬಹುಪಾಲು ಮಾನಕ್ಕೆ ಪೆಟ್ಟು ಬಿದ್ದಾಗ, ನಮ್ಮ ಮಾನಕ್ಕೋ, ಅಮ್ಮನ ಹಾಗೆ, ಕಣ್ಣೆದುರಿಗಿರುವ ಇನ್ನೊಬ್ಬರ ಮಾನಕ್ಕೋ. ಕಂಪನಿಗಳು ಗಿರಾಕಿ ಉಳಿಸಿಕೊಳ್ಳಲು ಡಿಸ್ಕೌಂಟ್ ಕೂಪನ್ ಹಂಚುತ್ತವಲ್ಲ, ಅವು ಈ ಗಾಯಕ್ಕೆ ಮುಲಾಮೇ ಅಲ್ಲ.

ಆದರೆ ಮಾನದ ಸಿಟ್ಟಿಗೆ ಒಂದು ದೋಷವಿದೆ. ಅದು ಬಾಯಿ ಬಿಡುವುದಿಲ್ಲ. ಹಳ್ಳಿ ಕಡೆ ಇದಕ್ಕೆ ಒಂದು ಗಾದೆಯಿದೆ, ಸ್ವಲ್ಪ ಒರಟು: ಕೆರೆ ಮೇಲೆ ಮುನಿಸಿಕೊಂಡು ತಿಕ ತೊಳೆಯದೆ ಬಂದನಂತೆ. ಕೆರೆಗೆ ಗೊತ್ತೇ ಇಲ್ಲ. ನಾರುವುದು ಇವನೇ.

ಅಗ್ರಹಾರದ ಹತ್ತಿರ ದಿನಸಿ ಅಂಗಡಿ ಇಟ್ಟಿರುವ ನನ್ನ ಪರಿಚಯದವರೊಬ್ಬರನ್ನು ಈ ವಿಷಯ ಕೇಳಿದೆ. ಖಾಯಂ ಗಿರಾಕಿ ಬರುವುದು ನಿಂತರೆ ನಿಮಗೆ ಏನನ್ನಿಸುತ್ತದೆ? ಅವರು ಕಡಲೆಬೇಳೆ ಪೊಟ್ಟಣ ಕಟ್ಟುತ್ತಲೇ ಹೇಳಿದರು: ‘ಏನೂ ಅನ್ಸಲ್ಲ ಸಾರ್. ವಿಜಯನಗರಕ್ಕೋ ಬೋಗಾದಿಗೋ ಮನೆ ಬದಲಾಯಿಸಿರ್ಬೇಕು ಅಂದ್ಕೊಳ್ತೀವಿ.’

ಈ ಒಂದು ಮಾತಿನ ಸುತ್ತ ಅರ್ಥಶಾಸ್ತ್ರದಲ್ಲಿ ದೊಡ್ಡ ಚರ್ಚೆಯೇ ಇದೆ. ಆಲ್ಬರ್ಟ್ ಹಿರ್ಷ್‌ಮನ್ ಅನ್ನುವ ಅರ್ಥಶಾಸ್ತ್ರಜ್ಞ 1970ರಲ್ಲಿ ಇದನ್ನು ಚೆನ್ನಾಗಿ ಬಿಡಿಸಿಟ್ಟರು. ಸೇವೆ ಕೆಟ್ಟಾಗ ಗಿರಾಕಿಗೆ ಎರಡು ದಾರಿ: ಬಿಟ್ಟು ಹೋಗುವುದು, ಇಲ್ಲ ದನಿ ಎತ್ತುವುದು. ಬಿಟ್ಟು ಹೋದರೆ ವ್ಯಾಪಾರ ಕುಸಿದು ಮಾಲೀಕ ತಾನಾಗಿ ತಿದ್ದಿಕೊಳ್ಳುತ್ತಾನೆ ಅಂತ ಪುಸ್ತಕದ ಲೆಕ್ಕ. ನೈಜೀರಿಯಾದಲ್ಲಿ ಅವರು ಕಂಡದ್ದು ಬೇರೆ. ಅಲ್ಲಿ ಕಡಲೆಕಾಯಿ ಸಾಗಿಸಲು ರೈಲಿತ್ತು, ರೈಲು ಕೆಟ್ಟಿತು, ಜನ ಲಾರಿ ಹಿಡಿದರು. ರೈಲು ಸುಧಾರಿಸಲಿಲ್ಲ. ಯಾಕೆಂದರೆ ಜಗಳ ಆಡುವ ತಾಕತ್ತಿದ್ದವರೇ ಮೊದಲು ಲಾರಿ ಹತ್ತಿದ್ದರು. ಉಳಿದವರು ಬಾಯಿ ಸತ್ತವರು. ನಷ್ಟ ತುಂಬಿಕೊಡಲು ಸರ್ಕಾರವಿತ್ತು, ಹಾಗಾಗಿ ರೈಲಿನವರಿಗೆ ಬಿಸಿಯೂ ಮುಟ್ಟಲಿಲ್ಲ.

ಅಮ್ಮ ಮಾಡಿದ್ದೂ ಇದನ್ನೇ ಅಲ್ವಾ? ಆ ಅಂಗಡಿಯಲ್ಲಿ ಹುಡುಗಿಯ ಪರ ಮಾತಾಡಬಲ್ಲ ಒಬ್ಬ ಗಿರಾಕಿ ಇದ್ದರು. ಅವರು ಎದ್ದು ಹೋದರು.

ಬಾಯ್ಕಾಟ್ ಅನ್ನುವ ಪದ ಹುಟ್ಟಿದ ಕಥೆಯಲ್ಲಿ ಹೀಗೆ ಸುಮ್ನೆ ಎದ್ದು ಹೋಗುವುದು ಇರಲಿಲ್ಲ. 1880ರಲ್ಲಿ ಐರ್ಲೆಂಡಿನ ಮೇಯೋ ಸೀಮೆಯಲ್ಲಿ ಲಾರ್ಡ್ ಅರ್ನ್ ಎಂಬ ಜಮೀನ್ದಾರ. ಅವನ ಗೇಣಿ ವಸೂಲಿ ಏಜೆಂಟ್ ಕ್ಯಾಪ್ಟನ್ ಚಾರ್ಲ್ಸ್ ಬಾಯ್ಕಾಟ್. ಫಸಲು ಕೆಟ್ಟಿದೆ, ಗೇಣಿ ಶೇ 25 ಇಳಿಸಿ ಅಂತ ರೈತರು ಕೇಳಿದರು. ಜಮೀನ್ದಾರ ಶೇ 10ರ ಮೇಲೆ ಒಪ್ಪಲಿಲ್ಲ. ಆಮೇಲೆ ಒಂದು ದಿನ ಬಾಯ್ಕಾಟ್‌ನ ಹೊಲಕ್ಕೆ ಆಳು ಬರಲಿಲ್ಲ. ಅಂಗಡಿಯವನು ಸಾಮಾನು ಕೊಡಲಿಲ್ಲ. ಬಟ್ಟೆ ಒಗೆಯುವವರು ಬರಲಿಲ್ಲ, ಟಪಾಲೂ ನಿಂತಿತು. ಕೊನೆಗೆ ಬೇರೆ ಕಡೆಯಿಂದ ಐವತ್ತು ಜನ ಕೂಲಿಗಳನ್ನು, ಅವರ ಕಾವಲಿಗೆ ನೂರಾರು ಸೈನಿಕರನ್ನು ಕರೆಸಿ ಕೊಯ್ಲು ಮಾಡಿಸಿದರು. ಸುಮಾರು 500 ಪೌಂಡ್ ಬೆಲೆಯ ಬೆಳೆ ಎತ್ತಲು 10,000 ಪೌಂಡ್ ಖರ್ಚಾಯಿತು ಅಂತ ಆಗಿನ ಅಂದಾಜು. ನವೆಂಬರ್ ಕೊನೆಯಲ್ಲಿ ಕ್ಯಾಪ್ಟನ್ ಊರು ಬಿಟ್ಟ. ಇದು ಗೆದ್ದದ್ದು ಎಲ್ಲರೂ ಕೂಡಿ ಮಾಡಿದ್ದರಿಂದ. ಅದಕ್ಕಿಂತ ಹೆಚ್ಚಾಗಿ, ಯಾಕೆ ಅಂತ ಬಾಯ್ಕಾಟ್‌ಗೆ ಚೆನ್ನಾಗಿ ಗೊತ್ತಿತ್ತು.

ನಮ್ಮ ಜಿಲ್ಲೆಯಲ್ಲೇ ಇನ್ನೊಂದು ನಮೂನೆ ಇದೆ. ನಂಜನಗೂಡು ತಾಲ್ಲೂಕಿನ ಬದನವಾಳು, 1927ರಲ್ಲಿ ಗಾಂಧೀಜಿ ಬಂದು ನೋಡಿ ಹೋದ ಖಾದಿ ಕೇಂದ್ರ. ಸ್ವದೇಶಿ ಅಂದರೆ ನಮಗೆ ನೆನಪಾಗುವುದು ವಿದೇಶಿ ಬಟ್ಟೆಗೆ ಬೆಂಕಿ ಇಟ್ಟದ್ದು. ಬೆಂಕಿ ಒಂದು ದಿನದ ಕೆಲಸ. ಮಾರನೇ ದಿನ ಮೈಮೇಲೆ ಏನು ಹಾಕಿಕೊಳ್ಳುವುದು? ಅದಕ್ಕೆ ಬದನವಾಳಿನಂಥ ಊರುಗಳಲ್ಲಿ ನೂಲು ತೆಗೆಯುವವರು ಬೇಕಾಯಿತು. ಬಿಡುವುದಕ್ಕೆ ಬದಲಿ ಇದ್ದರೆ ಬಿಟ್ಟದ್ದು ನಿಲ್ಲುತ್ತದೆ. 2015ರಲ್ಲಿ ರಂಗಕರ್ಮಿ ಪ್ರಸನ್ನ ಅದೇ ಬದನವಾಳಿನಲ್ಲಿ ಸತ್ಯಾಗ್ರಹ ಕೂತಾಗ ಆ ಖಾದಿ ಕೇಂದ್ರದ ಸ್ಥಿತಿ ನೋಡಿದವರಿಗೆ, ಬದಲಿಯನ್ನು ನಾವೇ ಹೇಗೆ ಕೈಬಿಟ್ಟೆವು ಅನ್ನುವುದೂ ಕಂಡಿತು.

ಮಂಡ್ಯದ ಹಸಿರು ಶಾಲಿನವರಿಗೂ ಇದರ ಅನುಭವವಿದೆ. 1995ರಲ್ಲಿ ಬೆಂಗಳೂರಿಗೆ ಕೆಎಫ್‌ಸಿ ಬಂತು. ಪ್ರೊಫೆಸರ್ ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ಅದರ ವಿರುದ್ಧ ಎದ್ದು ನಿಂತಿತು. 1996ರ ಜನವರಿ 30ರಂದು ಕಾರ್ಯಕರ್ತರು ಅಂಗಡಿಗೇ ನುಗ್ಗಿದರು. ಕೋಳಿ ಸಾಕಣೆ ಯಾರ ಕೈಗೆ ಹೋಗುತ್ತದೆ, ಬೀಜ ಯಾರ ಕೈಗೆ ಹೋಗುತ್ತದೆ ಅನ್ನುವ ಅವರ ಪ್ರಶ್ನೆ ಸರಿಯಾಗೇ ಇತ್ತು. ಇವತ್ತು ಶನಿವಾರ ಸಂಜೆ ಮೈಸೂರಿನ ಯಾವುದಾದರೂ ಮಾಲ್‌ಗೆ ಹೋಗಿ ನೋಡಿ. ಪಾಂಡವಪುರ, ಶ್ರೀರಂಗಪಟ್ಟಣದ ಕಡೆಯ ಹುಡುಗರು ಅದೇ ಬಕೆಟ್ ಕೋಳಿ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಿರುತ್ತಾರೆ. ನಾನು ಅವರನ್ನು ಹಂಗಿಸುತ್ತಿಲ್ಲ, ನಾನೂ ತಿಂದಿದ್ದೇನೆ. ಹೊರಗಿನಿಂದ ಹೇರಿದ ನಿಷೇಧ ನಾಲಿಗೆಯವರೆಗೆ ಇಳಿಯಲಿಲ್ಲ, ಅಷ್ಟೇ.

ನಂದಿನಿ ವಿಷಯಕ್ಕೆ ಬಂದರೆ ನಮ್ಮ ಜನ ಎದೆ ತಟ್ಟಿಕೊಳ್ಳುತ್ತಾರೆ. 2022ರ ಡಿಸೆಂಬರ್ 30ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಮಂಡ್ಯ ಹಾಲು ಒಕ್ಕೂಟ ಮನ್‌ಮುಲ್‌ನ ಮೆಗಾ ಡೇರಿ ಉದ್ಘಾಟನೆ. ಅಮುಲ್ ಮತ್ತು ನಂದಿನಿಯ ಕೆಎಂಎಫ್ ಕೂಡಿ ಕೆಲಸ ಮಾಡಬೇಕು ಅಂತ ಕೇಂದ್ರ ಸಹಕಾರ ಸಚಿವ ಅಮಿತ್ ಶಾ ಅಲ್ಲೇ ಹೇಳಿದ್ದು. ಮುಂದಿನ ಏಪ್ರಿಲ್‌ನಲ್ಲಿ ಬೆಂಗಳೂರಿಗೆ ಹಾಲು ತರುತ್ತೇವೆ ಅಂತ ಅಮುಲ್ ಪ್ರಕಟಿಸಿತು. ಚುನಾವಣೆ ಬೇರೆ ಹತ್ತಿರವಿತ್ತು. ಬೆಂಗಳೂರಿನ ಹೋಟೆಲ್ ಮಾಲೀಕರ ಸಂಘ ನಂದಿನಿ ಬಿಟ್ಟು ಬೇರೆ ಬಳಸಲ್ಲ ಅಂದಿತು. ಮಂಡ್ಯದಲ್ಲಿ ಇದು ಘೋಷಣೆಯ ಮಾತಲ್ಲ, ಬದುಕಿನ ಮಾತು. ಬೆಳಗ್ಗೆ, ಸಂಜೆ ಕ್ಯಾನ್ ಹಿಡಿದು ಡೇರಿ ಮುಂದೆ ಸಾಲು ನಿಲ್ಲುವ ಹೆಂಗಸರಿಗೆ ಹಾಲಿನ ಬಟವಾಡೆಯೇ ಮನೆಯ ಕೈಖರ್ಚು. ನಾನು ನಂದಿನಿ ಕಡೆಯವನೇ. ಆದರೂ ಒಂದು ಮಾತು ಒಪ್ಪಿಕೊಳ್ಳಬೇಕು. ಆಗ ನಂದಿನಿ ಟೋನ್ಡ್ ಹಾಲು ಲೀಟರಿಗೆ 39 ರೂಪಾಯಿ. ಅಮುಲ್ ಅದಕ್ಕಿಂತ ಹತ್ತು ರೂಪಾಯಿಗೂ ಜಾಸ್ತಿ. ಅಗ್ಗದ ಹಾಲು ಕುಡಿದು ದುಬಾರಿ ಹಾಲನ್ನು ಬಹಿಷ್ಕರಿಸುವುದರಲ್ಲಿ ಯಾರ ತ್ಯಾಗ ಏನಿತ್ತು? ಬೆಲೆ ಅದಲು ಬದಲಾಗಿದ್ದರೆ ನಮ್ಮಲ್ಲಿ ಎಷ್ಟು ಜನ ನಂದಿನಿ ಪರ ನಿಲ್ಲುತ್ತಿದ್ದರು ಅನ್ನುವುದು ಆ ತಿಂಗಳು ಪರೀಕ್ಷೆಗೆ ಬರಲೇ ಇಲ್ಲ. ಇನ್ನೊಂದು ಕಡೆ ಅಮುಲ್ ಕೂಡ ರೈತರ ಸಹಕಾರ ಸಂಘವೇ, ಗುಜರಾತಿನದು. ನಮ್ಮ ಹಾಲು ಒಕ್ಕೂಟಗಳು ಕಟ್ಟಿದ್ದೂ ಅದೇ ಆಣಂದ್ ಮಾದರಿಯಲ್ಲಿ. ಅಲ್ಲಿನ ಡೇರಿ ಮುಂದೆಯೂ ಕ್ಯಾನ್ ಹಿಡಿದ ಹೆಂಗಸರಿದ್ದಾರೆ.

ಕೈಯಲ್ಲಿ ಕಾಸಿದ್ದವರಿಗೆ ಅಂಗಡಿ ಬಿಡುವುದು ಸುಲಭ. ಪಾಂಡವಪುರ ತಾಲ್ಲೂಕಿನ ನಮ್ಮ ದೊಡ್ಡಮ್ಮನ ಊರಲ್ಲಿ ಇರುವುದು ಎರಡೇ ಅಂಗಡಿ, ಸಾಲ ಕೊಡುವುದು ಒಂದೇ. ಒಮ್ಮೆ ಆ ಅಂಗಡಿಯವನು ನಾಲ್ಕು ಜನರ ಎದುರಿಗೆ ‘ಹಳೇ ಬಾಕಿ ಯಾವಾಗಕ್ಕ?’ ಅಂತ ಕೇಳಿಬಿಟ್ಟ. ದೊಡ್ಡಮ್ಮ ಮನೆಗೆ ಬಂದು ಅತ್ತರು. ಮಾರನೇ ದಿನ ಸಕ್ಕರೆಗೆ ಅಲ್ಲಿಗೇ ಹೋದರು. ‘ಬಾಕಿ ತೀರೋವರ್ಗೂ ಸಿಟ್ಟು ಮಾಡ್ಕೊಳ್ಳೋ ಹಂಗಿಲ್ಲ ಕಣಪ್ಪ’ ಅಂದರು. ಆ ಲೆಕ್ಕದ ಪುಸ್ತಕದಲ್ಲಿ ಅವರ ಹೆಸರಿನ ಪುಟ ಇರುವವರೆಗೆ ಮಾನಕ್ಕೆ ರಜೆ.

ಮಾರುವವರ ಪಾಡು ಇನ್ನೂ ಕಷ್ಟ. ಕಬ್ಬಿನ ರೈತನನ್ನೇ ನೋಡಿ. ಕಬ್ಬು ಕೊಟ್ಟ 14 ದಿನದೊಳಗೆ ದುಡ್ಡು ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15 ಬಡ್ಡಿ ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬಾಕಿ ಉಳಿಸಿಕೊಂಡ ಕಾರ್ಖಾನೆಗಳ ಮುಂದೆ ರೈತರು ಧರಣಿ ಕೂರುವುದೂ ಹೊಸದೇನಲ್ಲ. ಹಾಗಂತ ಈ ಕಾರ್ಖಾನೆಗೆ ಕೊಡಲ್ಲ ಅನ್ನಲು ಆಗುತ್ತದಾ? ಕಡಿದ ಕಬ್ಬು ಒಂದೆರಡು ದಿನದಲ್ಲಿ ಅರೆಯದಿದ್ದರೆ ಒಣಗುತ್ತದೆ, ತೂಕ ಬೀಳುತ್ತದೆ. ಮಂಡ್ಯದಲ್ಲಿ 1933ರ ಮೈಷುಗರ್ ಸಕ್ಕರೆ ಕಾರ್ಖಾನೆ ನಿಂತು ನಿಂತು ನಡೆದು, ಕೆಲವು ವರ್ಷ ಪೂರ್ತಿ ಬಾಗಿಲು ಹಾಕಿ, 2022ರಲ್ಲಿ ಮತ್ತೆ ಅರೆಯಲು ಶುರು ಮಾಡಿತು. ಆ ನಡುವಿನ ವರ್ಷಗಳಲ್ಲಿ ರೈತರಿಗೆ ದೂರದ ಕಾರ್ಖಾನೆ ಬಿಟ್ಟರೆ ಇದ್ದ ಇನ್ನೊಂದು ದಾರಿ ಆಲೆಮನೆ.

ಆಲೆಮನೆ ಅಂದಾಗ ನೆನಪಾಯಿತು. ‘ಮಂಡ್ಯದ ಬೆಲ್ಲ ತಗೊಳ್ಳಲ್ಲ, ಕಲಬೆರಕೆ’ ಅನ್ನುವ ಮೈಸೂರಿನವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹೈಡ್ರೋಸ್ ಪುಡಿ ಹಾಕಿ ಬೆಲ್ಲ ಬೆಳ್ಳಗೆ ಮಾಡುವುದು ಸುಳ್ಳಲ್ಲ. ಸಕ್ಕರೆ ಕಲೆಸುವುದೂ ಸುಳ್ಳಲ್ಲ. ಆದರೆ ಅದನ್ನು ಯಾಕೆ ಹಾಕಲು ಶುರು ಮಾಡಿದರು? ನಮ್ಮ ದೊಡ್ಡಪ್ಪನ ಆಲೆಮನೆಯಲ್ಲಿ ಕೊಪ್ಪರಿಗೆಗೆ ಸ್ವಲ್ಪ ಸುಣ್ಣ, ಬೆಂಡೆ ಗಿಡದ ಲೋಳೆ ಬಿಟ್ಟು ಮಡ್ಡಿ ತೆಗೆಯುತ್ತಿದ್ದರು. ಬೆಲ್ಲ ಕಂದು ಬಣ್ಣಕ್ಕೆ ಬರುತ್ತಿತ್ತು, ಒಂದೊಂದು ಕೊಪ್ಪರಿಗೆಗೆ ಒಂದೊಂದು ಬಣ್ಣ. ಮಂಡಿಗೆ ಹಾಕಿದರೆ ಪಕ್ಕದ ರಾಶಿಯ ಹಳದಿ ಬೆಲ್ಲಕ್ಕೆ ಜಾಸ್ತಿ ರೇಟು. ವ್ಯಾಪಾರಿ ಹೇಳುತ್ತಿದ್ದದ್ದು ಒಂದೇ ಮಾತು, ‘ಗಿರಾಕಿ ಕಪ್ಪು ಬೆಲ್ಲ ಮುಟ್ಟಲ್ಲ.’ ಅಂದರೆ ಕಂದು ಬೆಲ್ಲವನ್ನು ಹೇಳದೆ ಕೇಳದೆ ಬಹಿಷ್ಕರಿಸಿದವರು ನಾವೇ. ಅದಕ್ಕೆ ಅವರು ಹೈಡ್ರೋಸ್‌ನಲ್ಲಿ ಉತ್ತರ ಕೊಟ್ಟರು. ಈಗ ಅದೇ ಕಾರಣಕ್ಕೆ ಎರಡನೇ ಸಲ ಅವರನ್ನು ಬಹಿಷ್ಕರಿಸುತ್ತಿದ್ದೇವೆ. ಈಚೆಗೆ ಅದೇ ಕಂದು ಬೆಲ್ಲ ‘ಆರ್ಗ್ಯಾನಿಕ್’ ಅಂತ ಚೀಟಿ ಅಂಟಿಸಿಕೊಂಡು ಕುವೆಂಪುನಗರದ ಅಂಗಡಿಗಳಲ್ಲಿ ಎರಡು ಪಟ್ಟು ಬೆಲೆಗೆ ಕೂತಿದೆ. ದೊಡ್ಡಪ್ಪ ಇದನ್ನು ನೋಡಲು ಇಲ್ಲ.

ಹೀಗೆ ಕಾರಣ ತಿಳಿಯದೆ ಬಿಡುವುದು ನಡೆಯುತ್ತಲೇ ಇರುತ್ತದೆ. 2025ರ ಜುಲೈನಲ್ಲಿ ಒಂದಷ್ಟು ಚಿಕ್ಕ ಅಂಗಡಿಗಳು ಕ್ಯೂಆರ್ ಕೋಡ್ ಕಿತ್ತು ‘ಕ್ಯಾಶ್ ಮಾತ್ರ’ ಅಂತ ಬೋರ್ಡ್ ಹಾಕಿದವಲ್ಲ, ‘ಟ್ಯಾಕ್ಸ್ ಕಳ್ಳರು, ಇನ್ಮೇಲೆ ಇಲ್ಲಿಗೆ ಬರಲ್ಲ’ ಅಂತ ಜನ ಗೊಣಗಿದರು. ಯುಪಿಐ ಲೆಕ್ಕ ನೋಡಿ, ವರ್ಷದ ವಹಿವಾಟು 40 ಲಕ್ಷ ದಾಟಿದೆ ಅಂತ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕೊಟ್ಟಿತ್ತು. ಹಾಲು, ತರಕಾರಿಯಂಥ ತೆರಿಗೆಯೇ ಇಲ್ಲದ ಸಾಮಾನು ಮಾರುವವರಿಗೂ ಅದು ಹೋಗಿತ್ತು. ಹೆದರಿದವನನ್ನು ಕಳ್ಳ ಅಂದುಕೊಂಡೆವು. ಒಂದು ಮಾತು ಕೇಳಿದ್ದರೆ ಅವನೇ ಹೇಳುತ್ತಿದ್ದ.

ಇನ್ನು ಕಷ್ಟದ ಭಾಗ. ಬಾಯ್ಕಾಟ್‌ಗೆ ಕನ್ನಡದಲ್ಲಿ ಬಹಿಷ್ಕಾರ ಅನ್ನುತ್ತೇವೆ. ಈ ಪದಕ್ಕೆ ನಮ್ಮ ಹಳ್ಳಿಗಳಲ್ಲಿ ಬೇರೆಯೇ ವಾಸನೆ ಇದೆ. ಊರಿನವರು ಕೂಡಿ ಒಂದು ಮನೆಗೆ ನೀರು, ಬೆಂಕಿ, ಮಾತು ನಿಲ್ಲಿಸುವುದು. 2020ರ ನವೆಂಬರಿನಲ್ಲಿ ನಂಜನಗೂಡು ತಾಲ್ಲೂಕಿನ ಒಂದು ಹಳ್ಳಿಯಿಂದ ಸುದ್ದಿ ಬಂತು. ದಲಿತರ ತಲೆಗೂದಲು ಕತ್ತರಿಸಿದ್ದಕ್ಕೆ ಊರಿನ ಕೆಲವರು 50,000 ರೂಪಾಯಿ ದಂಡ ಹಾಕಿ, ತನ್ನ ಕುಟುಂಬವನ್ನೇ ದೂರ ಇಟ್ಟಿದ್ದಾರೆ ಅಂತ ಕ್ಷೌರದ ಅಂಗಡಿಯವರೊಬ್ಬರು ದೂರಿದ್ದರು. ನೋಡಿ, ಇಲ್ಲಿ ಒಂದು ಅಂಗಡಿಯನ್ನು ಬಹಿಷ್ಕರಿಸಿದ್ದು ಅದು ಸರಿಯಾಗಿ ನಡೆದುಕೊಂಡಿದ್ದಕ್ಕೆ. ದಲಿತರ ಮೇಲೆ, ಆದಿವಾಸಿಗಳ ಮೇಲೆ ಸಾಮಾಜಿಕ ಅಥವಾ ಆರ್ಥಿಕ ಬಹಿಷ್ಕಾರ ಹಾಕುವುದನ್ನು 2015ರ ತಿದ್ದುಪಡಿ ದೌರ್ಜನ್ಯ ತಡೆ ಕಾಯ್ದೆಯೊಳಗೇ ಅಪರಾಧ ಅಂತ ಬರೆದಿದೆ. ಬಹಿಷ್ಕಾರ ಅಂದ ಕೂಡಲೇ ಅದು ಪುಣ್ಯದ ಕೆಲಸ ಅಂದುಕೊಳ್ಳಬಾರದು.

2022ರ ಯುಗಾದಿ ನಿಮಗೆ ನೆನಪಿರಬಹುದು. ಮಂಡ್ಯ, ಮೈಸೂರಿನವರಿಗೆ ಯುಗಾದಿಗಿಂತ ಮಾರನೇ ದಿನದ ಹೊಸತೊಡಕೇ ದೊಡ್ಡದು. ಬೆಳಗಿನ ಜಾವಕ್ಕೇ ಮಟನ್ ಅಂಗಡಿ ಮುಂದೆ ಸಾಲು. ಆ ವರ್ಷ ಮೊದಲು ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಜಾಗ ಬೇಡ ಅಂದರು, ಆಮೇಲೆ ಹೊಸತೊಡಕಿಗೆ ಹಲಾಲ್ ಮಾಂಸ ಬೇಡ ಅನ್ನುವ ಕರೆ ಬಂತು. ಯಾರು ಯಾವ ಮಾಂಸ ತಿನ್ನಬೇಕು ಅನ್ನುವುದು ಅವರವರ ನಂಬಿಕೆ. ಅದನ್ನು ಪ್ರಶ್ನೆ ಮಾಡುವುದಕ್ಕೆ ನಾನ್ಯಾರು? ಆದರೆ ಇಪ್ಪತ್ತು ವರ್ಷ ಸರಿಯಾಗಿ ತೂಗಿ, ಹಬ್ಬದ ದಿನ ಒಂದು ತುಂಡು ಲಿವರ್ ಜಾಸ್ತಿ ಹಾಕಿ ಕೊಟ್ಟವನ ಅಂಗಡಿ ಬಿಡುವಾಗ ಅವನ ತಪ್ಪೇನು ಅಂತ ಹೇಳಬೇಕಾಗುತ್ತದೆ. ನನ್ನ ಅಳತೆ ಇಷ್ಟೇ: ಆ ಅಂಗಡಿಯವನು ಏನು ಮಾಡಿದರೆ ನೀವು ವಾಪಸ್ ಹೋಗುತ್ತೀರಿ? ಸೀರೆ ಅಂಗಡಿಯವರು ಹುಡುಗಿಯನ್ನು ಕೂರಲು ಬಿಟ್ಟರೆ ಅಮ್ಮ ನಾಳೆಯೇ ಹೋಗುತ್ತಾರೆ. ಬೈಟು ಕಾಫಿ ಕೊಟ್ಟರೆ ಭಾವ ಇವತ್ತೇ ಹೋಗುತ್ತಾರೆ. ಹುಟ್ಟಿದ ಮನೆಯ ಕಾರಣಕ್ಕೆ ಬಿಟ್ಟವನಿಗೆ ತಿದ್ದಿಕೊಳ್ಳಲು ಏನೂ ಇಲ್ಲ, ಬಾಗಿಲೇ ಇಲ್ಲ. ಅದನ್ನು ಗಿರಾಕಿಯ ಹಕ್ಕು ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ದನಿ ಎತ್ತಬೇಕು ಅಂತ ಹೇಳುವುದೇನೋ ಸುಲಭ. ಎಲ್ಲಿ ಎತ್ತುವುದು? ನಮ್ಮ ಪಟ್ಟಿಯಲ್ಲಿರುವ ಎಷ್ಟೋ ತಕರಾರಿಗೆ ಕಾನೂನಿನಲ್ಲಿ ಉತ್ತರವಿದೆ. ನಂಬರ್ ಕೊಡದಿದ್ದರೆ ಬಿಲ್ ಮಾಡಲ್ಲ ಅನ್ನುವುದು ಅನುಚಿತ ವ್ಯಾಪಾರ ಅಂತ ಕೇಂದ್ರ ಗ್ರಾಹಕ ವ್ಯವಹಾರ ಸಚಿವಾಲಯ 2023ರ ಮೇ ತಿಂಗಳಲ್ಲೇ ಹೇಳಿದೆ. ಹೋಟೆಲ್ ಬಿಲ್ಲಿಗೆ ಸರ್ವಿಸ್ ಚಾರ್ಜ್ ಅಂತ ತಾನಾಗಿ ಸೇರಿಸುವ ಹಾಗಿಲ್ಲ ಅಂತ 2022ರ ಜುಲೈನಲ್ಲಿ ಮಾರ್ಗಸೂಚಿ ಬಂತು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಪ್ಯಾಕೆಟ್ಟಿನ ಮೇಲಿನ ಎಂಆರ್‌ಪಿಗಿಂತ ‘ಕೂಲಿಂಗ್ ಚಾರ್ಜ್’ ಅಂತ ಎರಡು ರೂಪಾಯಿ ಕೇಳುವುದೂ ತಪ್ಪೇ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋದರೆ 5 ಲಕ್ಷದವರೆಗಿನ ದೂರಿಗೆ ಶುಲ್ಕವೇ ಇಲ್ಲ, ವಕೀಲರು ಬೇಕು ಅಂತಲೂ ಇಲ್ಲ. ಎರಡು ರೂಪಾಯಿಗೆ ಯಾರು ಅಲೆಯುತ್ತಾರೆ ಅಂತೀರಾ? ಸರಿ. ಗಲ್ಲಾದ ಮುಂದೆ ನಿಂತು ‘ಈ ಕಾರಣಕ್ಕೆ ಇನ್ಮೇಲೆ ಬರಲ್ಲ’ ಅನ್ನುವುದಕ್ಕೆ ಅರ್ಧ ನಿಮಿಷವೂ ಬೇಡ. ಅಗ್ರಹಾರದ ಆ ಅಂಗಡಿಯವರು ಹೇಳಿದ ಪ್ರಕಾರ, ಇಪ್ಪತ್ತೆರಡು ವರ್ಷದಲ್ಲಿ ಹಾಗೆ ಮುಖಕ್ಕೆ ಹೇಳಿ ಹೋದವರು ಮೂರೇ ಜನ. ಮೂವರು ಹೇಳಿದ್ದೂ ಅವರಿಗೆ ಮಾತು ಮಾತಿಗೂ ನೆನಪಿದೆ.

ಮೊಬೈಲ್‌ನಲ್ಲಿ ತರಿಸಿಕೊಳ್ಳುವ ಸಾಮಾನಿನಲ್ಲಿ ಈ ಗಲ್ಲಾವೂ ಇಲ್ಲ. ಹತ್ತು ನಿಮಿಷದಲ್ಲಿ ಮನೆಗೆ ತಲುಪಿಸುವ ಆ್ಯಪ್‌ಗಳನ್ನು, ಆ ಹುಡುಗರ ಓಟ ನೋಡಲಾರದೆ, ನನ್ನ ಗೆಳೆಯನೊಬ್ಬ ಬಿಟ್ಟ. ಬಿಡುವ ಮುಂಚೆ ಮನೆಗೆ ಬಂದ ಹುಡುಗನಿಗೆ ಹೇಳಿದನಂತೆ. ಅವನು ಹೆಲ್ಮೆಟ್ ತೆಗೆಯದೇ, ‘ಆರ್ಡರ್ ನಿಂತ್ರೆ ನಮ್ಗೇನ್ ಸಿಗುತ್ತೆ ಸಾರ್?’ ಅಂದ. ಗೆಳೆಯನ ಹತ್ತಿರ ಉತ್ತರವಿರಲಿಲ್ಲ. ಅಂಥ ಕೆಲಸಗಾರರಿಗಾಗಿ ಕರ್ನಾಟಕ 2025ರಲ್ಲಿ ಒಂದು ಕಾಯ್ದೆ ಮಾಡಿದೆ. ಪ್ರತಿ ವಹಿವಾಟಿನಲ್ಲಿ ಅವರಿಗೆ ಹೋಗುವ ದುಡ್ಡಿನ ಶೇ 1ರಿಂದ 5ರವರೆಗೆ ಕಂಪನಿ ಕಲ್ಯಾಣ ನಿಧಿಗೆ ಕಟ್ಟಬೇಕು. ಒಬ್ಬ ಗಿರಾಕಿ ಆ್ಯಪ್ ಅಳಿಸಿದ್ದಕ್ಕಿಂತ ಇದು ಆ ಹುಡುಗನಿಗೆ ಹತ್ತಿರದ್ದು.

ಸೀರೆ ಅಂಗಡಿಯ ಹುಡುಗಿಯ ವಿಷಯದಲ್ಲೂ ಇದೇ ಆದದ್ದು, ಪಕ್ಕದ ರಾಜ್ಯದಲ್ಲಿ. ಕೇರಳದ ಬಟ್ಟೆ ಅಂಗಡಿಗಳ ಹೆಣ್ಣುಮಕ್ಕಳು ಕೂರಲು ಜಾಗ ಕೊಡಿ ಅಂತ ಕೋಳಿಕ್ಕೋಡಿನಲ್ಲಿ ಶುರು ಮಾಡಿ ವರ್ಷಗಟ್ಟಲೆ ಹೋರಾಡಿದರು. 2018ರಲ್ಲಿ ಅಲ್ಲಿನ ಸರ್ಕಾರ ಕಾಯ್ದೆ ತಿದ್ದಿ ಕೂರುವ ಹಕ್ಕು ಕೊಟ್ಟಿತು. 2021ರಲ್ಲಿ ತಮಿಳುನಾಡು ಕೂಡ. ಅಲ್ಲಿ ಗೆದ್ದದ್ದು ಗಿರಾಕಿಗಳ ಮುನಿಸಲ್ಲ. ನಿಂತವರೇ ಬಾಯಿ ತೆರೆದರು.

ಇಷ್ಟೆಲ್ಲ ಬರೆಯುವ ಮುಂಚೆ, ಹೋದ ತಿಂಗಳು, ಅಮ್ಮನಿಗೆ ಹೇಳದೆ ನಾನು ಆ ಅಂಗಡಿಗೆ ಹೋದೆ. ಹೊಸ ಬೋರ್ಡು, ಎಸಿ, ಗಾಜಿನ ಬಾಗಿಲು. ಗಲ್ಲಾದಲ್ಲಿ ಅದೇ ಯಜಮಾನರು, ಕೂದಲು ಮಾತ್ರ ನೆರೆತಿದೆ. ಹುಡುಗಿಯರು ಬೇರೆ, ನಿಂತಿರುವುದು ಹಾಗೇ. ಒಂದು ಟವೆಲ್ ತಗೊಂಡು ದುಡ್ಡು ಕೊಡುವಾಗ ಎದೆ ಡವಡವ ಅನ್ನುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಹೇಳಿದೆ. ನಮ್ಮಮ್ಮ ಎಂಟು ವರ್ಷದಿಂದ ಯಾಕೆ ಬಂದಿಲ್ಲ ಅಂತ ಪೂರ್ತಿ ಹೇಳಿದೆ. ಅವರಿಗೆ ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ, ಬರಲಿಲ್ಲ. ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. ‘ಸ್ಟೂಲ್ ಇದೆಯಲ್ಲ ಸಾರ್, ಇವ್ರೇ ಕೂರಲ್ಲ’ ಅಂತ ಮೂಲೆಯ ಕಡೆ ಕೈ ತೋರಿಸಿದರು.

ಸ್ಟೂಲ್ ಇತ್ತು. ಅದರ ಮೇಲೆ ಪಂಚೆಯ ಡಬ್ಬಗಳನ್ನು ನನ್ನ ಎದೆಮಟ್ಟಕ್ಕೆ ಪೇರಿಸಿಟ್ಟಿದ್ದರು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅವರು ಅವರೆಕಾಯಿ ಬಿಡಿಸುತ್ತಿದ್ದರು. ಕೊನೆಯವರೆಗೂ ಕೇಳಿಸಿಕೊಂಡು, ತಲೆ ಎತ್ತದೆ ಕೇಳಿದರು: ‘ಡಬ್ಬ ಇಳಿಸಿ ಬಂದ್ಯಾ, ಸುಮ್ನೆ ಬಂದ್ಯಾ?’